ತುಂಗೆಯ ಆರೋಗ್ಯ ದಾಖಲಿಸುವ ಬಗೆ: ಶಾಲಾ ತಂಡಗಳಿಗೊಂದು ಕೈಪಿಡಿ

ನದಿ ಉಳಿಸುವ ಕಾರ್ಯಕ್ರಮವೆಂದರೆ ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಒಂದು ಬೆಳಗಿನ ಶ್ರಮದಾನ: ಬ್ಯಾನರು, ಕೈಗವಸು, ಹತ್ತಾರು ಚೀಲ ಪ್ಲಾಸ್ಟಿಕ್, ಮರುದಿನದ ಪತ್ರಿಕೆಯಲ್ಲೊಂದು ಚಿತ್ರ. ಅದರಿಂದ ದಡ ಕೆಲವು ದಿನ ಚೊಕ್ಕಟವಾಗಿರುತ್ತದೆ, ನಿಜ. ಆದರೆ ನೀರಿಗೆ ಏನಾಗುತ್ತಿದೆ, ಎಲ್ಲಿಂದ ಆಗುತ್ತಿದೆ, ಹೋದ ವರ್ಷಕ್ಕಿಂತ ಈ ವರ್ಷ ಹೆಚ್ಚಿದೆಯೇ ಎಂಬ ಪ್ರಶ್ನೆಗಳಿಗೆ ಆ ಚೀಲಗಳಲ್ಲಿ ಉತ್ತರವಿರುವುದಿಲ್ಲ. ಅದೇ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಅದೇ ಜಾಗಕ್ಕೆ, ಅದೇ ಹೊತ್ತಿಗೆ ಹೋಗಿ, ಅದೇ ವಿಧಾನದಿಂದ ನಾಲ್ಕೈದು ಸರಳ ಅಳತೆಗಳನ್ನು ತೆಗೆದು ಬರೆದಿಟ್ಟರೆ, ವರ್ಷದ ಕೊನೆಗೆ ಅವರ ಕೈಯಲ್ಲಿರುವ ಪುಸ್ತಕ ಯಾವ ಅಧಿಕಾರಿಯ ಮೇಜಿನ ಮೇಲೂ ಇಡಬಹುದಾದ ದಾಖಲೆಯಾಗುತ್ತದೆ. ಆ ಪುಸ್ತಕವನ್ನು ಬೆಳೆಸುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಉದಾಹರಣೆಗೆ ತುಂಗಾ ನದಿಯನ್ನು ಆರಿಸಿಕೊಂಡಿದ್ದೇನೆ. ಚಿಕ್ಕಮಗಳೂರು ಜಿಲ್ಲೆಯ ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರು, ಶಿವಮೊಗ್ಗಗಳನ್ನು ಹಾದು, ಕೂಡ್ಲಿಯಲ್ಲಿ ಭದ್ರೆಯೊಡನೆ ಕೂಡುವವರೆಗೆ ಅದರ ಉದ್ದ ಸುಮಾರು 147 ಕಿ.ಮೀ. ಮಾತ್ರ. ಹುಟ್ಟಿನಿಂದ ಸಂಗಮದವರೆಗೆ ಇಡೀ ನದಿಯನ್ನು ಒಂದು ಶಾಲೆ ಮನಸ್ಸಿನಲ್ಲಿಟ್ಟುಕೊಳ್ಳಬಹುದಾದ ಅಳತೆ ಇದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ನದಿಪಾತ್ರಗಳನ್ನು ಕಲುಷಿತವೆಂದು ಪಟ್ಟಿ ಮಾಡಿದಾಗ ಕರ್ನಾಟಕದ ಪಾಲು 17 ಆಗಿತ್ತು, ಅದರಲ್ಲಿ ತುಂಗೆಯೂ ಇತ್ತು. ಐದು ದರ್ಜೆಗಳಲ್ಲಿ ಅದು ಇದ್ದದ್ದು ಕೊನೆಯದರಲ್ಲಿ, ಅಂದರೆ ಎಲ್ಲಕ್ಕಿಂತ ಕಡಿಮೆ ಕೆಟ್ಟದ್ದರಲ್ಲಿ. ವಿದ್ಯಾರ್ಥಿಗಳ ಕಣ್ಗಾವಲಿಗೆ ಇಂಥ ಹೊಳೆಯೇ ಹೆಚ್ಚು ಸೂಕ್ತವೆಂಬುದು ನನ್ನ ಅಭಿಪ್ರಾಯ. ಪೂರ್ತಿ ಕೆಟ್ಟ ನದಿಯಲ್ಲಿ ಅಳೆಯಲು ಹೆಚ್ಚೇನೂ ಉಳಿದಿರುವುದಿಲ್ಲ. ಕೆಡತೊಡಗಿರುವ ನದಿಯಲ್ಲಿ ಒಂದೊಂದು ಅಂಕಿಯೂ ಏನನ್ನೋ ಹೇಳುತ್ತದೆ.

ಜಾಗ ಗೊತ್ತುಮಾಡುವುದು

ಮೊದಲ ಕೆಲಸ ಉಪಕರಣ ಕೊಳ್ಳುವುದಲ್ಲ, ನಕ್ಷೆ ಬರೆಯುವುದು. ಶಾಲೆಯಿಂದ ನಡೆದು ಹೋಗಬಹುದಾದ ಎರಡು ಮೂರು ಕಿ.ಮೀ. ಉದ್ದದ ಹೊಳೆಯಂಚನ್ನು ನೀರು ಇಳಿದಿರುವ ಕಾಲದಲ್ಲಿ ಶಿಕ್ಷಕರ ಜೊತೆ ನಡೆದು ನೋಡಬೇಕು. ಹಳ್ಳ ಬಂದು ಸೇರುವ ಜಾಗ, ಚರಂಡಿಯ ಬಾಯಿ, ಬಟ್ಟೆ ಒಗೆಯುವ ಕಲ್ಲುಗಳು, ದನ ಇಳಿಯುವ ದಾರಿ, ತೋಟದ ಪಂಪ್‌ಸೆಟ್ಟು, ಮರಳು ತೆಗೆದ ಗುಂಡಿ, ವಾಹನ ತೊಳೆಯುವ ಜಾಗ, ಅಡಿಕೆ ಸಿಪ್ಪೆ ಸುರಿದ ದಿಬ್ಬ ಇವನ್ನೆಲ್ಲ ನಕ್ಷೆಯಲ್ಲಿ ಗುರುತಿಸಬೇಕು. ಹೊಳೆಯಂಚಿನ ಮನೆಗಳ ಹಿರಿಯರನ್ನೂ ಮೀನು ಹಿಡಿಯುವವರನ್ನೂ ಮಾತಾಡಿಸಿ, ಬೇಸಿಗೆಯಲ್ಲೂ ಬತ್ತದ ಮಡು ಯಾವುದು, ಮೊದಲು ಕುಡಿಯಲು ನೀರು ಎತ್ತುತ್ತಿದ್ದದ್ದು ಎಲ್ಲಿಂದ, ಅದನ್ನು ಬಿಟ್ಟದ್ದು ಯಾವಾಗ ಎಂದು ಕೇಳಿ ಬರೆದುಕೊಳ್ಳಬೇಕು. ಉಪಕರಣದಿಂದ ಸಿಗದ ಮಾಹಿತಿ ಇದು.

ಆಮೇಲೆ ಮಾದರಿ ತೆಗೆಯುವ ಜಾಗಗಳನ್ನು ಜೋಡಿಯಾಗಿ ಆರಿಸಬೇಕು. ಇಡೀ ಕೆಲಸದ ಹುರುಳು ಇರುವುದು ಈ ಜೋಡಿಯಲ್ಲಿ. ಒಂದು ಚರಂಡಿಯೋ ಹಳ್ಳವೋ ಹೊಳೆಗೆ ಸೇರುವ ಜಾಗಕ್ಕಿಂತ ಸ್ವಲ್ಪ ಮೇಲೆ ಒಂದು, ಕೆಳಗೆ ಒಂದು. ಮೇಲಿನ ಅಂಕಿ ಚೆನ್ನಾಗಿದ್ದು ಕೆಳಗಿನದು ಕೆಟ್ಟಿದ್ದರೆ, ನಡುವೆ ಸೇರಿದ್ದೇ ಕಾರಣವೆಂದು ವಾದಿಸಲು ಆಧಾರ ಸಿಗುತ್ತದೆ. ಬರೀ ಕೆಳಗಿನ ಜಾಗವನ್ನು ಅಳೆದವರು ಏನನ್ನೂ ಸಾಧಿಸಿ ತೋರಿಸಲಾರರು. ಶಿವಮೊಗ್ಗದ ಶಾಲೆಯಾದರೆ ಊರು ತಾಗುವುದಕ್ಕೆ ಮೊದಲು ಒಂದು, ಕೋರ್ಪಲಯ್ಯನ ಛತ್ರದ ಆಸುಪಾಸಿನಲ್ಲಿ ಒಂದು, ಊರು ದಾಟಿದ ಮೇಲೆ ಒಂದು ಸಾಕು. ಕೂಡ್ಲಿಯಲ್ಲಿ ತೆಗೆಯುವವರು ಸಂಗಮಕ್ಕಿಂತ ಮೇಲೆಯೇ ತೆಗೆಯಬೇಕು. ಕೆಳಗೆ ತೆಗೆದರೆ ಅದರಲ್ಲಿ ಭದ್ರೆಯ ನೀರೂ ಬೆರೆತಿರುತ್ತದೆ.

ಕೆಳಗಿನ ಜಾಗ ಎಷ್ಟು ದೂರವಿರಬೇಕೆಂಬುದು ಹಲವರು ಎಡವುವ ವಿಷಯ. ಚರಂಡಿಯ ನೀರು ಹೊಳೆಗೆ ಬಿದ್ದ ಕೂಡಲೇ ಇಡೀ ಅಗಲಕ್ಕೆ ಬೆರೆಯುವುದಿಲ್ಲ, ಸೇರಿದ ದಡವನ್ನೇ ಹಿಡಿದು ಬಹುದೂರ ಸಾಗುತ್ತದೆ. ಬೆರೆತಿದೆಯೇ ಎಂದು ತಿಳಿಯಲು ಒಂದು ಸುಲಭೋಪಾಯವಿದೆ. ಅಂಗಡಿಯಲ್ಲಿ ಸಿಗುವ, ಕರಗಿದ ಲವಣಗಳ ಅಂದಾಜು ತೋರಿಸುವ ಟಿಡಿಎಸ್ ಮೀಟರಿನಿಂದ ಈ ದಡ, ನಡುನೀರು, ಆ ದಡ ಮೂರರಲ್ಲೂ ಅಳೆದು ನೋಡಬೇಕು. ಮೂರೂ ಅಂಕಿ ಹತ್ತಿರವಿದ್ದರೆ ಬೆರೆತಿದೆ ಎಂದರ್ಥ. ಇಲ್ಲದಿದ್ದರೆ ಇನ್ನೂ ಕೆಳಗೆ ಸಾಗಬೇಕು. ಸೇತುವೆಯಿದ್ದರೆ ಹಗ್ಗ ಕಟ್ಟಿದ ಬಕೆಟ್ಟಿನಿಂದ ಇದನ್ನು ಸುರಕ್ಷಿತವಾಗಿ ಮಾಡಬಹುದು.

ಕಾಲಪಟ್ಟಿಯನ್ನು ಮಲೆನಾಡಿನ ಋತುಮಾನಕ್ಕೆ ಹೊಂದಿಸಬೇಕು. ತಿಂಗಳಿಗೊಮ್ಮೆ ಎಂಬುದು ಸಾಮಾನ್ಯ ನಿಯಮವಾದರೂ ಕೆಲವು ಕಾಲಗಳನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬಾರದು. ಅಡಿಕೆ ಸುಲಿದು ಬೇಯಿಸುವ ಕಾಲದಲ್ಲಿ ಸಿಪ್ಪೆ ಹಳ್ಳದ ಬದಿಗೆ ಬಂದು ಬೀಳುತ್ತದೆ. ಮೇಲಿನ ಶೃಂಗೇರಿ, ಕೊಪ್ಪದ ಕಡೆ ಚಳಿಗಾಲದಲ್ಲಿ ಕಾಫಿ ಹಣ್ಣು ಪಲ್ಪ್ ಮಾಡುವ ಕೆಲಸ ನಡೆಯುತ್ತದೆ, ಆ ನೀರು ಹಳ್ಳ ಸೇರಿದರೆ ಆಮ್ಲಜನಕವನ್ನು ಬೇಗ ಕುಗ್ಗಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊಳೆ ಸೊರಗಿರುತ್ತದೆ, ಆದರೆ ಊರಿನ ಚರಂಡಿ ಸೊರಗುವುದಿಲ್ಲ. ವರ್ಷದ ಅತಿ ಕೆಟ್ಟ ಅಂಕಿಯನ್ನು ಆಗಲೇ ನಿರೀಕ್ಷಿಸಬೇಕು. ಜೂನಿನ ಮೊದಲ ದೊಡ್ಡ ಮಳೆ ರಸ್ತೆ, ತೋಟ, ತಿಪ್ಪೆಗಳನ್ನೆಲ್ಲ ಒಮ್ಮೆಗೇ ತೊಳೆದು ತರುತ್ತದೆ. ಮುಂಗಾರು ಜೋರಾದ ಮೇಲೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಅದರ ಮೈಲುತುತ್ತದ ಅಂಶ ಎಷ್ಟು ಸೇರಿತೆಂಬುದನ್ನು ಶಾಲೆಯ ಉಪಕರಣಗಳಿಂದ ಹೇಳಲಾಗದಿದ್ದರೂ ಸಿಂಪರಣೆಯ ದಿನಗಳನ್ನಾದರೂ ಬರೆದಿಡಬೇಕು.

ನೀರಿಗೆ ಇಳಿಯುವ ಮುನ್ನ

ಮಳೆಗಾಲದಲ್ಲಿ ವಿದ್ಯಾರ್ಥಿಗಳು ಹೊಳೆಗೆ ಇಳಿಯಲೇಬಾರದು. ಜುಲೈ, ಆಗಸ್ಟ್ ತಿಂಗಳ ಮಾದರಿ ಸೇತುವೆಯ ಮೇಲಿನಿಂದ, ಬಕೆಟ್ ಇಳಿಬಿಟ್ಟು, ಶಿಕ್ಷಕರೇ ತೆಗೆಯತಕ್ಕದ್ದು. ಉಳಿದ ಕಾಲದಲ್ಲೂ ಮೊಣಕಾಲಿನ ಮಟ್ಟವೇ ಗಡಿ. ಅಷ್ಟೇ ನೀರಿದ್ದರೂ ಸೆಳೆತ ಜೋರಾಗಿದ್ದರೆ ಹಿಂದೆ ಸರಿಯಬೇಕು. ಗಾಜನೂರಿನ ಅಣೆಕಟ್ಟೆಯ ಕೆಳಗಿನ ಪಾತ್ರದಲ್ಲಿ ಗೇಟು ತೆರೆದಾಗ ನೀರು ಇದ್ದಕ್ಕಿದ್ದಂತೆ ಏರುತ್ತದೆ, ಆದ್ದರಿಂದ ಅಂದಿನ ನೀರು ಬಿಡುಗಡೆಯ ಮಾಹಿತಿಯನ್ನು ಮುಂಚಿತವಾಗಿ ವಿಚಾರಿಸದೆ ಹೊರಡಬಾರದು. ಮರಳು ತೆಗೆದ ಕಡೆ ತಳ ಸಮನಾಗಿರುವುದಿಲ್ಲ, ಒಂದು ಹೆಜ್ಜೆಗೆ ಪಾದದಷ್ಟಿದ್ದ ನೀರು ಮುಂದಿನ ಹೆಜ್ಜೆಗೆ ಆಳು ಮುಳುಗುವಷ್ಟಿರಬಹುದು. ಈಜು ಬಲ್ಲ ಇಬ್ಬರು ದೊಡ್ಡವರು, ಒಂದು ಉದ್ದ ಹಗ್ಗ, ಗಾಳಿ ತುಂಬಿದ ಒಂದು ಟ್ಯೂಬು ಸದಾ ದಡದಲ್ಲಿರಬೇಕು. ಪಾಲಕರ ಒಪ್ಪಿಗೆ ಪತ್ರ ಶಾಲೆಯ ಕಡತದಲ್ಲಿರಬೇಕು.

ರೋಗದ ವಿಷಯದಲ್ಲೂ ಅಲಕ್ಷ್ಯ ಸಲ್ಲದು. ಕಾಲಿಗೆ ಗಾಯವಿದ್ದವರು ನೀರಿಗಿಳಿಯಬಾರದು, ಇಲಿಜ್ವರದ ರೋಗಾಣು ಅಂಥ ಗಾಯಗಳ ಮೂಲಕ ಮೈಸೇರುತ್ತದೆ. ತೀರ್ಥಹಳ್ಳಿಯ ಸುತ್ತಿನ ಕಾಡಂಚಿನಲ್ಲಿ ಕೆಲಸ ಮಾಡುವ ತಂಡಗಳು ಚಳಿಗಾಲದಿಂದ ಬೇಸಿಗೆಯವರೆಗೆ ಉಣುಗಿನ ಬಗ್ಗೆ ಎಚ್ಚರವಾಗಿರಬೇಕು. ಮಂಗನ ಕಾಯಿಲೆಯ ಕಾಲ ಅದು. ಮೈ ಮುಚ್ಚುವ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಹಂಚುವ ತೈಲ ಹಚ್ಚಿಕೊಂಡು ಹೋಗಿ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಬೇಕು. ಮಂಗ ಸತ್ತ ಸುದ್ದಿ ಬಂದ ಪ್ರದೇಶಕ್ಕೆ ಆ ಋತುವಿನಲ್ಲಿ ಹೋಗಲೇಬಾರದು.

ಅಳತೆಗಳು

ಅಳತೆಯ ಹೊತ್ತು ಬೆಳಗಿನ ಏಳರಿಂದ ಎಂಟು ಗಂಟೆ ಇರಲಿ. ನೀರಿನಲ್ಲಿರುವ ಪಾಚಿ ಮತ್ತು ಗಿಡಗಳು ಹಗಲಿನಲ್ಲಿ ಆಮ್ಲಜನಕ ಬಿಡುತ್ತವೆ, ರಾತ್ರಿ ಎಲ್ಲ ಜೀವಿಗಳೂ ಸೇರಿ ಅದನ್ನು ಬಳಸಿಕೊಳ್ಳುತ್ತವೆ. ಹೀಗಾಗಿ ಅದೇ ಜಾಗದ ಅದೇ ದಿನದ ನೀರು ಮುಂಜಾನೆ ಒಂದು ಅಂಕಿ, ಮಧ್ಯಾಹ್ನ ಮೂರಕ್ಕೆ ಇನ್ನೊಂದು ಅಂಕಿ ಕೊಡುತ್ತದೆ. ಹೊತ್ತು ಬದಲಿಸಿ ತೆಗೆದ ಅಂಕಿಗಳನ್ನು ಹೋಲಿಸಿದರೆ ಹೊಳೆಯ ಬದಲಾವಣೆಯ ಬದಲು ಗಡಿಯಾರದ ಬದಲಾವಣೆ ಕಾಣುತ್ತದೆ.

ನೀರಿನ ಉಷ್ಣತೆಯನ್ನು ಥರ್ಮಾಮೀಟರ್ ನೀರಿನೊಳಗೇ ಇರುವಾಗ ಓದಬೇಕು. ಬಗ್ಗಡವನ್ನು ಅಳೆಯಲು ಸುಮಾರು 60 ಸೆಂ.ಮೀ. ಉದ್ದದ ಪಾರದರ್ಶಕ ಕೊಳವೆಯ ತಳಕ್ಕೆ ಕಪ್ಪು ಬಿಳುಪು ಗುರುತಿನ ಬಿಲ್ಲೆ ಅಂಟಿಸಿ, ಸೆಂಟಿಮೀಟರ್ ಪಟ್ಟಿ ಹಚ್ಚಿದರೆ ಸಾಕು. ಮೇಲಿನಿಂದ ನೋಡುತ್ತ ನೀರು ಸುರಿಯುತ್ತ ಹೋಗಬೇಕು, ಗುರುತು ಮರೆಯಾದ ಎತ್ತರವನ್ನು ಬರೆದುಕೊಳ್ಳಬೇಕು. ಕೆರೆಗಳಲ್ಲಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ನೀರಿನ ತಿಳಿಯನ್ನು ಅಳೆಯುವ ಸೆಕಿ ಬಿಲ್ಲೆ ತೆಳ್ಳಗೆ ಹರಿಯುವ ಹೊಳೆಯಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂದು ತೋರಿಸುವ ಪಿಎಚ್ ಮೀಟರನ್ನು ಪ್ರತಿ ಸಲ ಹೊರಡುವ ಮುನ್ನ ಪಿಎಚ್ ಗೊತ್ತಿರುವ 4, 7 ಮತ್ತು 9.2ರ ಬಫರ್ ದ್ರಾವಣಗಳಲ್ಲಿ ಸರಿಹೊಂದಿಸಬೇಕು. ಹೀಗೆ ಸರಿಹೊಂದಿಸದ ಮೀಟರಿಗಿಂತ ಬಣ್ಣ ಬದಲಿಸುವ ಪಟ್ಟಿಯೇ ಮೇಲು.

ಟಿಡಿಎಸ್ ಬಗ್ಗೆ ಒಂದು ಮಾತು. ಮನೆಗೆ ಬರುವ ಫಿಲ್ಟರ್ ಮಾರಾಟಗಾರರು ಈ ಮೀಟರನ್ನು ಲೋಟಕ್ಕೆ ಅದ್ದಿ ಹೆದರಿಸುವುದನ್ನು ನೋಡಿ, ಅದು ನೀರಿನ ಶುದ್ಧತೆಯನ್ನೇ ಹೇಳುತ್ತದೆಂದು ಮಕ್ಕಳು ನಂಬಿರುತ್ತಾರೆ. ಅದು ಅಳೆಯುವುದು ನೀರು ವಿದ್ಯುತ್ತನ್ನು ಎಷ್ಟು ಹರಿಯಬಿಡುತ್ತದೆ ಎಂಬುದನ್ನು, ಆ ಮೂಲಕ ಕರಗಿದ ಲವಣಗಳ ಅಂದಾಜನ್ನು. ರೋಗಾಣು ತುಂಬಿದ ನೀರಿನ ಟಿಡಿಎಸ್ ತೀರ ಕಡಿಮೆ ಇರಬಹುದು. ಆದರೂ ಘಟ್ಟದಲ್ಲಿ ಹುಟ್ಟಿದ ತುಂಗೆಯ ನೀರು ಸಹಜವಾಗಿ ಮೃದುವಾದ್ದರಿಂದ, ಕೊಳಚೆ ಸೇರಿದ ಜಾಗದಲ್ಲಿ ಅಂಕಿ ಥಟ್ಟನೆ ಏರುತ್ತದೆ. ಜೋಡಿ ಜಾಗಗಳನ್ನು ಹೋಲಿಸುವ ಕೆಲಸಕ್ಕೆ ಇದಕ್ಕಿಂತ ಅಗ್ಗದ ಸಾಧನವಿಲ್ಲ.

ಹರಿವನ್ನು ಅಳೆಯಲು ಕಿತ್ತಳೆಹಣ್ಣು ಬೇಕು. ಅದು ಮುಕ್ಕಾಲು ಮುಳುಗಿ ತೇಲುವುದರಿಂದ ಗಾಳಿಯ ತಳ್ಳಾಟಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ನೇರವಾಗಿ ಹರಿಯುವ ಕಡೆ 20 ಮೀಟರ್ ಗುರುತು ಮಾಡಿ, ಹಣ್ಣು ಆ ದೂರ ಸಾಗಲು ತೆಗೆದುಕೊಳ್ಳುವ ಸೆಕೆಂಡುಗಳನ್ನು ಐದು ಸಲ ಎಣಿಸಿ ನಡುವಿನ ಅಂಕಿಯನ್ನು ಆರಿಸಬೇಕು. ಮೇಲ್ಮೈಯ ವೇಗ ತಳದ ವೇಗಕ್ಕಿಂತ ಹೆಚ್ಚಿರುವುದರಿಂದ ಅದನ್ನು 0.85ರಿಂದ ಗುಣಿಸಬೇಕು. ಅಗಲದುದ್ದಕ್ಕೂ ಮೀಟರಿಗೊಂದರಂತೆ ಆಳ ಅಳೆದು ಸರಾಸರಿ ತೆಗೆದು, ಅಗಲ, ಆಳ, ವೇಗ ಮೂರನ್ನೂ ಗುಣಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಹರಿಯುತ್ತಿದೆ ಎಂಬುದು ದೊರೆಯುತ್ತದೆ. ನಡೆದು ದಾಟಬಲ್ಲ ಹಳ್ಳಗಳಿಗೆ ಮಾತ್ರ ಈ ಕ್ರಮ. ದೊಡ್ಡ ಹೊಳೆಯಲ್ಲಿ ಸೇತುವೆಯ ಕಂಬಕ್ಕೆ ಬಣ್ಣದ ಪಟ್ಟಿ ಬರೆದು ನೀರಿನ ಮಟ್ಟವನ್ನಷ್ಟೇ ದಾಖಲಿಸಿದರೆ ಸಾಕು, ಅದಕ್ಕೂ ಸಂಬಂಧಪಟ್ಟ ಇಲಾಖೆಯ ಅನುಮತಿ ಪಡೆಯಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಕರಗಿದ ಆಮ್ಲಜನಕ. ಅದಕ್ಕೆ ವಿಂಕ್ಲರ್ ವಿಧಾನವನ್ನೇ ನಾನು ಶಿಫಾರಸು ಮಾಡುತ್ತೇನೆ. ಎಲೆಕ್ಟ್ರಾನಿಕ್ ಮೀಟರ್ ದುಬಾರಿ ಎಂಬುದು ಒಂದು ಕಾರಣ. ಹೈಸ್ಕೂಲು, ಪಿಯು ಹಂತದ ರಸಾಯನಶಾಸ್ತ್ರ ಇಲ್ಲಿ ಕಣ್ಣೆದುರೇ ನಡೆಯುತ್ತದೆ ಎಂಬುದು ಇನ್ನೊಂದು. ಗಾಜಿನ ಬಿರಡೆಯ 300 ಮಿ.ಲೀ. ಬಾಟಲಿಯ ಬಾಯನ್ನು ಹರಿವಿಗೆ ಎದುರಾಗಿ ಹಿಡಿದು, ಒಂದು ಗೇಣಿನಷ್ಟು ಆಳದಲ್ಲಿ ನಿಧಾನವಾಗಿ ತುಂಬಿಸಿ, ನೀರಿನೊಳಗೇ ಬಿರಡೆ ಹಾಕಬೇಕು. ಒಂದೇ ಒಂದು ಗುಳ್ಳೆ ಉಳಿದರೂ ಚೆಲ್ಲಿ ಮತ್ತೆ ತುಂಬಿಸಬೇಕು, ಏಕೆಂದರೆ ಆ ಗುಳ್ಳೆಯಲ್ಲಿರುವ ಗಾಳಿಯ ಆಮ್ಲಜನಕವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ದಡದಲ್ಲೇ 2 ಮಿ.ಲೀ. ಮ್ಯಾಂಗನೀಸ್ ಸಲ್ಫೇಟ್, 2 ಮಿ.ಲೀ. ಕ್ಷಾರೀಯ ಅಯೊಡೈಡ್-ಅಝೈಡ್ ದ್ರಾವಣಗಳನ್ನು ಪಿಪೆಟ್ಟಿನ ತುದಿ ನೀರಿನೊಳಗಿರುವಂತೆ ಬಿಟ್ಟು, ಬಿರಡೆ ಹಾಕಿ ಬಾಟಲಿಯನ್ನು ಹಲವು ಸಲ ತಲೆಕೆಳಗು ಮಾಡಬೇಕು. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಬಣ್ಣದ ಗಸಿ ಒಡೆದುಕೊಂಡು ನಿಧಾನವಾಗಿ ತಳಕ್ಕೆ ಇಳಿಯುತ್ತದೆ. ಆಮ್ಲಜನಕವೇ ಇಲ್ಲದಿದ್ದರೆ ಗಸಿ ಬಿಳಿಯಾಗಿಯೇ ಉಳಿಯುತ್ತದೆ. ಊರಿನ ಚರಂಡಿಯ ನೀರಿನಲ್ಲಿ ಇದನ್ನು ಒಮ್ಮೆ ಮಾಡಿ ತೋರಿಸಿದರೆ ಒಂದು ಪಾಠದ ಕೆಲಸ ಮುಗಿದಂತೆ. ಗಸಿ ಅರ್ಧಕ್ಕೆ ಇಳಿದ ಮೇಲೆ ಇನ್ನೊಮ್ಮೆ ಕಲಕಿ, ಮತ್ತೆ ಇಳಿಯಲು ಬಿಟ್ಟು, ಶಿಕ್ಷಕರು 2 ಮಿ.ಲೀ. ಸಾಂದ್ರ ಗಂಧಕಾಮ್ಲ ಹಾಕಬೇಕು. ಆಗ ಗಸಿ ಕರಗಿ ಇಡೀ ಬಾಟಲಿ ಹೊಂಬಣ್ಣಕ್ಕೆ ತಿರುಗುತ್ತದೆ. ಹೀಗೆ ಕಟ್ಟಿಹಾಕಿದ ಮಾದರಿಯನ್ನು ಬಿಸಿಲಿಗೆ ಒಡ್ಡದೆ ಶಾಲೆಗೆ ತಂದು ಅಂದೇ ಮುಂದಿನ ಹಂತ ಮುಗಿಸಬಹುದು.

ಪ್ರಯೋಗಾಲಯದಲ್ಲಿ 200 ಮಿ.ಲೀ. ಅಳೆದುಕೊಂಡು, 0.025 ನಾರ್ಮಲ್ ಸೋಡಿಯಂ ಥಯೋಸಲ್ಫೇಟ್ ದ್ರಾವಣವನ್ನು ಬ್ಯೂರೆಟ್ಟಿನಿಂದ ಹನಿಹನಿಯಾಗಿ ಬಿಡುತ್ತ ಹೋಗಬೇಕು. ಬಣ್ಣ ಒಣಹುಲ್ಲಿನಷ್ಟು ತೆಳುವಾದಾಗ ಸ್ವಲ್ಪ ಗಂಜಿಯ ದ್ರಾವಣ ಹಾಕಿದರೆ ನೀಲಿಯಾಗುತ್ತದೆ. ನೀಲಿ ಮಾಯವಾದ ಹನಿಗೆ ನಿಲ್ಲಿಸಬೇಕು. ಖರ್ಚಾದ ಥಯೋಸಲ್ಫೇಟಿನ ಮಿಲಿಲೀಟರುಗಳೇ ನೇರವಾಗಿ ಲೀಟರಿಗೆ ಇಷ್ಟು ಮಿಲಿಗ್ರಾಂ ಆಮ್ಲಜನಕ ಎಂಬ ಉತ್ತರ. ಪ್ರತಿ ಜಾಗದಿಂದ ಎರಡು ಬಾಟಲಿ ತರಬೇಕು, ಎರಡರ ಉತ್ತರ ದೂರದೂರವಿದ್ದರೆ ಕೈಚಳಕದಲ್ಲಿ ತಪ್ಪಿದೆ ಎಂದರ್ಥ. ಅಝೈಡ್ ವಿಷ, ಗಂಧಕಾಮ್ಲ ಸುಡುತ್ತದೆ. ಕನ್ನಡಕ, ಕೈಗವಸು ಕಡ್ಡಾಯ. ಉಳಿದ ದ್ರಾವಣವನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಟ್ಟು ಕಾಲೇಜು ಪ್ರಯೋಗಾಲಯದ ತ್ಯಾಜ್ಯದೊಡನೆ ವಿಲೇವಾರಿ ಮಾಡಿಸಬೇಕು. ಹೊಳೆಯ ಆರೋಗ್ಯ ನೋಡಿದ ನೀರನ್ನೇ ಹೊಳೆಗೆ ಚೆಲ್ಲಿ ಬರುವ ತಂಡಗಳೂ ಉಂಟು.

ಅಂಕಿಯನ್ನು ಓದುವಾಗ ಉಷ್ಣತೆಯನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಸುಮಾರು 9.1 ಮಿ.ಗ್ರಾಂ, 25ರಲ್ಲಿ 8.3, 30ರಲ್ಲಿ 7.6 ಮಿ.ಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. ಶಿವಮೊಗ್ಗದ ಎತ್ತರದಲ್ಲಿ ಇದು ಇನ್ನೂ ಶೇಕಡಾ ಆರರಷ್ಟು ಕಡಿಮೆ. ಆದ್ದರಿಂದ ಮೇ ತಿಂಗಳ 6.5 ಕಂಡು ಗಾಬರಿಯಾಗಬೇಕಿಲ್ಲ, ಜನವರಿಯ 6.5ನ್ನು ಮಾತ್ರ ಎರಡನೆಯ ಸಲ ನೋಡಬೇಕು. ಮಧ್ಯಾಹ್ನದಲ್ಲಿ ಹಿಡಿತಕ್ಕಿಂತಲೂ ಹೆಚ್ಚಿನ ಅಂಕಿ ಬಂದರೆ ಅದು ಸಂತೋಷದ ಸುದ್ದಿಯೇನಲ್ಲ, ಪಾಚಿ ವಿಪರೀತ ಬೆಳೆದಿರುವುದರ ಲಕ್ಷಣ.

ಅದೇ ನೀರಿನ ಇನ್ನೊಂದು ಬಾಟಲಿಯನ್ನು ಕತ್ತಲ ಕಪಾಟಿನಲ್ಲಿ 20 ಡಿಗ್ರಿಯಲ್ಲಿ ಐದು ದಿನ ಇಟ್ಟು ಮತ್ತೆ ಆಮ್ಲಜನಕ ಅಳೆದರೆ, ಎರಡರ ವ್ಯತ್ಯಾಸವೇ ಬಿಒಡಿ, ಅಂದರೆ ನೀರಿನಲ್ಲಿರುವ ಕೊಳೆಯನ್ನು ಅರಗಿಸಲು ಸೂಕ್ಷ್ಮಜೀವಿಗಳು ಬಳಸಿಕೊಂಡ ಆಮ್ಲಜನಕ. ನಮ್ಮ ದೇಶದ ಮಾನಕ ವಿಧಾನದಲ್ಲಿ 27 ಡಿಗ್ರಿಯಲ್ಲಿ ಮೂರು ದಿನ ಇಡುವ ಕ್ರಮವೂ ಇರುವುದರಿಂದ, ಇನ್‌ಕ್ಯುಬೇಟರ್ ಇಲ್ಲದ ಶಾಲೆಗೆ ಅದೇ ಅನುಕೂಲ. ಕಪಾಟಿನ ಉಷ್ಣತೆಯನ್ನು ಬರೆದುಕೊಂಡು, ಫಲಿತಾಂಶವನ್ನು ಅಂದಾಜು ಎಂದೇ ನಮೂದಿಸಬೇಕು. ಕೊನೆಯ ದಿನ ಆಮ್ಲಜನಕ ಸೊನ್ನೆಯ ಹತ್ತಿರಕ್ಕೆ ಬಂದಿದ್ದರೆ ಆ ಲೆಕ್ಕ ನಿಲ್ಲುವುದಿಲ್ಲ, ನೀರನ್ನು ತೆಳುಗೊಳಿಸಿ ಮತ್ತೆ ಮಾಡಬೇಕು.

ಹೋಲಿಕೆಗೆ ಕೇಂದ್ರ ಮಂಡಳಿಯ ದರ್ಜೆಗಳಿವೆ. ಸೋಂಕು ನಿವಾರಣೆಯನ್ನಷ್ಟೇ ಮಾಡಿ ಕುಡಿಯಬಹುದಾದ ‘ಎ’ ದರ್ಜೆಯ ನೀರಿನಲ್ಲಿ ಆಮ್ಲಜನಕ ಲೀಟರಿಗೆ ಕನಿಷ್ಠ 6 ಮಿ.ಗ್ರಾಂ, ಬಿಒಡಿ 2ಕ್ಕೆ ಮೀರದಂತೆ, ಮಲದ ಸೋಂಕಿನ ಸುಳಿವು ಕೊಡುವ ಬ್ಯಾಕ್ಟೀರಿಯಗಳಾದ ಒಟ್ಟು ಕೋಲಿಫಾರ್ಮ್ 100 ಮಿ.ಲೀ.ಗೆ 50ಕ್ಕೆ ಮೀರದಂತೆ ಇರಬೇಕು. ಸ್ನಾನಕ್ಕೆ ಯೋಗ್ಯವಾದ ‘ಬಿ’ ದರ್ಜೆಗೆ ಈ ಅಂಕಿಗಳು ಕ್ರಮವಾಗಿ 5, 3 ಮತ್ತು 500. ಪೂರ್ಣ ಸಂಸ್ಕರಣೆಯ ನಂತರ ಕುಡಿಯುವ ‘ಸಿ’ ದರ್ಜೆಗೆ 4, 3 ಮತ್ತು 5000. ಮೀನು ಮತ್ತು ವನ್ಯಜೀವಿಗಳ ‘ಡಿ’ ದರ್ಜೆಗೂ ಆಮ್ಲಜನಕ 4 ಇರಲೇಬೇಕು. ಗಂಗಾಸ್ನಾನ, ತುಂಗಾಪಾನ ಎಂಬ ಮಾತು ಇಂದಿಗೂ ನಿಲ್ಲಬೇಕಾದರೆ ನದಿ ‘ಎ’ ದರ್ಜೆಯಲ್ಲಿರಬೇಕು; ಯಾವ ಊರಿನವರೆಗೆ ಅದು ಆ ದರ್ಜೆಯಲ್ಲಿದೆ, ಎಲ್ಲಿಂದ ಇಳಿಯುತ್ತದೆ ಎಂಬುದನ್ನು ಹಲವು ಶಾಲೆಗಳು ಸೇರಿ ಹುಡುಕಿದರೆ ಅದೇ ಒಂದು ಒಳ್ಳೆಯ ಯೋಜನೆ, ಮಕ್ಕಳ ವಿಜ್ಞಾನ ಸಮಾವೇಶಕ್ಕೂ ಒಪ್ಪುವಂಥದು.

ಕೋಲಿಫಾರ್ಮ್ ಎಣಿಕೆ ಶಾಲೆಯ ಕೆಲಸವಲ್ಲ. ಲ್ಯಾಬಿನವರು ಕೊಟ್ಟ ಸೋಂಕುರಹಿತ ಬಾಟಲಿಯನ್ನು ತೊಳೆಯದೆ ತುಂಬಿಸಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ಸಾಧ್ಯವಾದಷ್ಟೂ ಆರು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಮಲದ ಸೋಂಕಿದ್ದರೆ ಕಪ್ಪು ಬಣ್ಣಕ್ಕೆ ತಿರುಗುವ ಎಚ್‌2ಎಸ್ ಬಾಟಲಿಗಳು ಅಗ್ಗವಾಗಿ ಸಿಗುತ್ತವೆ, ಆದರೆ ತೆರೆದ ಹೊಳೆಯ ನೀರಿಗೆ ಅವು ಬಹುತೇಕ ಯಾವಾಗಲೂ ಕಪ್ಪಾಗುತ್ತವೆ. ದಡದ ಬಾವಿಗಳನ್ನು ನೋಡಲು ಅವನ್ನು ಮೀಸಲಿಡುವುದು ಲೇಸು.

ಕಲ್ಲಿನ ಅಡಿ

ರಾಸಾಯನಿಕ ಪರೀಕ್ಷೆ ಆ ಕ್ಷಣದ ನೀರನ್ನಷ್ಟೇ ತೋರಿಸುತ್ತದೆ. ರಾತ್ರಿ ಹನ್ನೆರಡಕ್ಕೆ ಯಾರಾದರೂ ಏನನ್ನಾದರೂ ಬಿಟ್ಟು, ಬೆಳಗಾಗುವಷ್ಟರಲ್ಲಿ ಅದು ಹರಿದುಹೋಗಿದ್ದರೆ ಬಾಟಲಿಗೆ ಅದು ಸಿಗುವುದಿಲ್ಲ. ತಳದಲ್ಲಿ ತಿಂಗಳುಗಟ್ಟಲೆ ಬದುಕುವ ಹುಳಗಳಿಗೆ ಸಿಗುತ್ತದೆ. ಹೀಗಾಗಿ ಚಳಿಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆಯಾದರೂ ತಳದ ಜೀವಿಗಳ ಗಣತಿ ಆಗಬೇಕು.

ನೀರು ಕಲ್ಲುಗಳ ನಡುವೆ ಜುಳುಜುಳು ಹರಿಯುವ ತೆಳು ಜಾಗವೇ ಇದಕ್ಕೆ ಬೇಕು. ಎರಡು ಕೋಲುಗಳ ನಡುವೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ ಹರಿವಿಗೆ ಅಡ್ಡಲಾಗಿ ಹಿಡಿದು, ಅದರ ಮುಂದಿನ ತಳವನ್ನು ಮೂರು ನಿಮಿಷ ಕಾಲಿನಿಂದ ಕದಡಬೇಕು. ಬಟ್ಟೆಯಲ್ಲಿ ಸಿಕ್ಕಿದ್ದನ್ನು ಅಂಗೈ ಆಳದ ನೀರಿರುವ ಬಿಳಿ ಟ್ರೇಗೆ ತೊಳೆದು ಬಿಟ್ಟು, ಒಂದೆರಡು ನಿಮಿಷ ಸುಮ್ಮನಿದ್ದರೆ ಕಸದಂತೆ ಕಂಡದ್ದು ಓಡಾಡತೊಡಗುತ್ತದೆ. ಮುಷ್ಟಿಗಾತ್ರದ ಕಲ್ಲುಗಳನ್ನೂ ಎತ್ತಿ ಅಡಿಭಾಗ ನೋಡಬೇಕು. ಕಲ್ಲಿಗೆ ಅಪ್ಪಿಕೊಂಡು ಏಡಿಯ ಹಾಗೆ ಅಡ್ಡಡ್ಡ ಸರಿಯುವ, ಹೊಟ್ಟೆಯ ಎರಡೂ ಬದಿಗೆ ಎಲೆಯಂಥ ಕಿವಿರುಗಳು ಅಲುಗಾಡುವ, ಸಾಮಾನ್ಯವಾಗಿ ಮೂರು ಬಾಲದ ಎಳೆಗಳಿರುವ ಚಪ್ಪಟೆ ಹುಳ ಮೇಫ್ಲೈ ಮರಿ. ಬಾಲದ ಎಳೆ ಎರಡೇ ಇದ್ದು ಕಾಲಿನ ತುದಿಯಲ್ಲಿ ಜೋಡಿ ಉಗುರಿದ್ದರೆ ಸ್ಟೋನ್‌ಫ್ಲೈ. ಮರಳುಕಣ, ಕಡ್ಡಿಚೂರುಗಳನ್ನು ಅಂಟಿಸಿಕೊಂಡ ಪುಟ್ಟ ಕೊಳವೆಯಿಂದ ತಲೆ ಹೊರಹಾಕುವುದು ಕ್ಯಾಡಿಸ್‌ಫ್ಲೈ ಮರಿ. ಈ ಮೂರೂ ಆಮ್ಲಜನಕ ಸಮೃದ್ಧವಾಗಿರುವ ನೀರನ್ನು ಬೇಡುವ ಜೀವಿಗಳು. ಏರೋಪ್ಲೇನ್ ಚಿಟ್ಟೆಯ ಮರಿ, ಏಡಿ, ಬಗೆಬಗೆಯ ಬಸವನಹುಳುಗಳು ನಡುವಿನವು. ಕೆಂಪು ದಾರದ ತುಂಡಿನಂತೆ ಹೊರಳಾಡುವ ಕೈರೊನೊಮಿಡ್ ಮರಿ, ಕೆಸರಿನಲ್ಲಿ ತಲೆ ಹೂತು ಬಾಲ ಆಡಿಸುವ ಟ್ಯೂಬಿಫೆಕ್ಸ್, ಹೇರಳವಾದ ಜಿಗಣೆ ಇವಷ್ಟೇ ಕಂಡರೆ ನೀರು ಉಸಿರುಗಟ್ಟಿದೆ ಎಂದು ತಿಳಿಯಬೇಕು. ಕೈರೊನೊಮಿಡ್ ಮರಿಯ ಕೆಂಪು ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ನಿನ ಕೆಂಪು, ಕಡಿಮೆ ಆಮ್ಲಜನಕದಲ್ಲಿ ಬದುಕಲು ಅದೇ ಅದರ ಆಸರೆ.

ಕೇಂದ್ರ ಮಂಡಳಿಯೂ ಇಂಥ ಜೀವಿಗಳ ಕುಟುಂಬಗಳಿಗೆ ಅಂಕ ಕೊಟ್ಟು ನೀರನ್ನು ದರ್ಜೆಗೊಳಿಸುವ ಪದ್ಧತಿ ಇಟ್ಟುಕೊಂಡಿದೆ. ಶಾಲಾ ತಂಡ ಕುಟುಂಬದ ಮಟ್ಟಕ್ಕೆ ಹೋಗದಿದ್ದರೂ, ಕೊಳೆ ತಾಳದವು, ನಡುವಿನವು, ತಾಳುವವು ಎಂಬ ಮೂರು ಗುಂಪುಗಳಲ್ಲಿ ಎಷ್ಟೆಷ್ಟು ಬಗೆ ಸಿಕ್ಕವು ಎಂದು ಬರೆದರೆ ಸಾಕು. ಕೊಳೆಯಿಲ್ಲದಿದ್ದರೂ ಮರಳು, ಹೂಳು ತುಂಬಿದ ಜಾಗದಲ್ಲಿ ಇಂಥ ಮೇಫ್ಲೈ ಸಿಗುವುದು ಕಡಿಮೆ, ಆದ್ದರಿಂದ ಜೋಡಿ ಜಾಗಗಳೆರಡರ ತಳವೂ ಒಂದೇ ಬಗೆಯದಾಗಿರಬೇಕು. ಎಣಿಕೆ ಮುಗಿದ ಮೇಲೆ ಜೀವಿಗಳನ್ನು ಹಿಡಿದಲ್ಲೇ ಬಿಟ್ಟು, ಎತ್ತಿದ ಕಲ್ಲನ್ನು ಇದ್ದ ಮಗ್ಗುಲಲ್ಲೇ ಇಡಬೇಕು.

ಮೀನು ಹಿಡಿದು ಪರೀಕ್ಷಿಸುವ ಗೋಜಿಗೆ ಹೋಗಬಾರದು. ಶೃಂಗೇರಿಯ ದೇವರ ಮೀನುಗಳನ್ನೂ ತೀರ್ಥಹಳ್ಳಿಯ ಚಿಪ್ಪಲಗುಡ್ಡೆ ಮತ್ಸ್ಯಧಾಮವನ್ನೂ ಮುಟ್ಟುವಂತಿಲ್ಲ. ಆದರೆ ಮೀನು ಸತ್ತು ತೇಲಿದ ಸುದ್ದಿ ಬಂದರೆ ತಡಮಾಡಬಾರದು. ಸೆಕೆಂಡಿಗೆ ಅರ್ಧ ಮೀಟರ್ ಹರಿಯುವ ನೀರು ಗಂಟೆಗೆ 1.8 ಕಿ.ಮೀ. ಮುಂದೆ ಹೋಗಿರುತ್ತದೆ, ಅದರೊಡನೆ ಸಾಕ್ಷ್ಯವೂ ಹೋಗಿರುತ್ತದೆ. ಮೊದಲು ಬಾಟಲಿಯಲ್ಲಿ ನೀರು ಹಿಡಿದು ಆಮ್ಲಜನಕ ಕಟ್ಟಿಹಾಕಬೇಕು, ಆಮೇಲೆ ಫೋಟೊ, ಎಣಿಕೆ, ಫೋನು. ಸತ್ತ ಮೀನನ್ನು ಬರಿಗೈಯಿಂದ ಮುಟ್ಟಬಾರದು, ಮನೆಗೆ ಒಯ್ಯಬಾರದು.

ಪುಸ್ತಕ

ದಾಖಲೆ ಪುಸ್ತಕ ಹೊಲಿದ ಬೈಂಡಿನದಾಗಿರಲಿ, ಪುಟಗಳಿಗೆ ಸಂಖ್ಯೆ ಹಾಕಿರಲಿ. ದಿನಾಂಕ, ಗಂಟೆ, ಹಿಂದಿನ ಮೂರು ದಿನದ ಮಳೆ, ಮೋಡ, ನೀರಿನ ಬಣ್ಣ ಮತ್ತು ವಾಸನೆ, ಸುತ್ತ ಕಂಡ ಚಟುವಟಿಕೆ, ಅಳತೆ, ಅಳೆದವರ ಹೆಸರು ಎಲ್ಲವನ್ನೂ ಹೊಳೆಯ ಬಳಿಯೇ ಬರೆಯಬೇಕು. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕೇ ಹೊರತು ಅಳಿಸಬಾರದು. ವಿಚಿತ್ರವಾದ ಅಂಕಿ ಬಂದರೆ ಅದನ್ನು ಸರಿಪಡಿಸದೆ, ಅನುಮಾನವಿದೆ ಎಂದು ಅಡಿಟಿಪ್ಪಣಿ ಹಾಕಬೇಕು. ನೀರು ಚೆನ್ನಾಗಿದ್ದ ದಿನಗಳ ಅಂಕಿಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯಬೇಕು; ಕೆಟ್ಟದ್ದನ್ನು ಮಾತ್ರ ಆಯ್ದು ತೋರಿಸುವ ತಂಡದ ಮಾತಿಗೆ ಬೆಲೆ ಬರುವುದಿಲ್ಲ.

ಅಂಕಿಗಳು ಕೈಗೆ ಬಂದ ಮೇಲೆ

ಮೂರು ನಾಲ್ಕು ತಿಂಗಳು ಒಂದೇ ದಿಕ್ಕಿನ ವ್ಯತ್ಯಾಸ ಕಂಡರೆ ಪತ್ರ ಬರೆಯುವ ಹೊತ್ತು ಬಂದಿದೆ. ‘ನಮ್ಮ ತುಂಗೆ ಮಲಿನವಾಗಿದೆ, ದಯವಿಟ್ಟು ಕಾಪಾಡಿ’ ಎಂಬ ಪತ್ರಕ್ಕೆ ಯಾರೂ ಏನನ್ನೂ ಮಾಡಲಾರರು. ಇಂಥ ಸೇತುವೆಯ ಕೆಳಗೆ ಬಲದಡದಲ್ಲಿ ಸೇರುವ ಚರಂಡಿಯ ಮೇಲೆ ಬೆಳಗ್ಗೆ ಏಳೂವರೆಗೆ ಆಮ್ಲಜನಕ 7.1 ಇದ್ದದ್ದು ಕೆಳಗೆ 4.3 ಆಗಿದೆ, ನಾಲ್ಕು ತಿಂಗಳ ಅಳತೆ ಲಗತ್ತಿಸಿದೆ, ಸ್ಥಳ ಪರಿಶೀಲಿಸಿ ನಿಮ್ಮ ಲ್ಯಾಬಿನಲ್ಲಿ ಮರುಪರೀಕ್ಷೆ ಮಾಡಿಸಬೇಕೆಂದು ಕೋರುತ್ತೇವೆ ಎಂಬ ಧಾಟಿಯ ಪತ್ರಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಮರುಪರೀಕ್ಷೆ ಕೇಳುವುದು ಜಾಣತನ: ಶಾಲೆಯ ಅಂಕಿಯನ್ನು ಅಲ್ಲಗಳೆಯುವುದು ಸುಲಭ, ಇಲಾಖೆಯದೇ ಅಂಕಿಯನ್ನು ಅಲ್ಲಗಳೆಯುವುದು ಕಷ್ಟ.

ಪತ್ರ ಯಾರಿಗೆ ಎಂಬುದು ಮೂಲವನ್ನು ಅವಲಂಬಿಸಿದೆ. ಕಾರ್ಖಾನೆಯ ಅಥವಾ ಘಟಕದ ತ್ಯಾಜ್ಯವಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ. 1974ರ ಜಲ ಕಾಯ್ದೆಯ 24ನೇ ಪ್ರಕರಣ ಹೊಳೆಗೆ ಮಾಲಿನ್ಯಕಾರಕ ವಸ್ತು ಬಿಡುವುದನ್ನು ನಿಷೇಧಿಸುತ್ತದೆ. ಊರಿನ ಚರಂಡಿಯಾದರೆ ಮಹಾನಗರ ಪಾಲಿಕೆ ಅಥವಾ ಪಟ್ಟಣ ಪಂಚಾಯಿತಿಗೆ, ಹಳ್ಳಿಯದಾದರೆ ಗ್ರಾಮ ಪಂಚಾಯಿತಿಗೆ. ಪಂಚಾಯಿತಿಗೆ ಹೇಳಲು ಮಕ್ಕಳ ಗ್ರಾಮಸಭೆಗಿಂತ ಒಳ್ಳೆಯ ವೇದಿಕೆಯಿಲ್ಲ. ಅಲ್ಲಿ ಮಂಡಿಸಿದ ವಿಷಯ ನಡಾವಳಿಯಲ್ಲಿ ದಾಖಲಾಯಿತೇ ಎಂದು ಅಂದೇ ನೋಡಿಕೊಳ್ಳಬೇಕು, ಮುಂದಿನ ಸಭೆಯಲ್ಲಿ ಅದೇ ಪುಟವನ್ನು ತೆಗೆದು ಕೇಳಬೇಕು. ಜಲ ಜೀವನ್ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ಕುಡಿಯುವ ನೀರಿನ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂಬ ವ್ಯವಸ್ಥೆಯಿದೆ. ನಿಮ್ಮ ಊರಿನಲ್ಲಿ ಅವರು ಯಾರೆಂದು ಕೇಳಿ ತಿಳಿದು ಜೊತೆಗೂಡಿಸಿಕೊಂಡರೆ ಶಾಲೆಗೂ ಬಲ, ಅವರಿಗೂ ಬಲ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಉದ್ದದ ಪೀಠಿಕೆ ಬರೆದು ಅರ್ಜಿ ವಾಪಸಾಗದಂತೆ ನೋಡಿಕೊಳ್ಳಬೇಕು. ಮಕ್ಕಳ ಬದಲು ಶಿಕ್ಷಕರೋ ಪಾಲಕರೋ ಸಹಿ ಮಾಡುವುದು ಒಳ್ಳೆಯದು. ಘಟಕವೊಂದರ ಮೇಲೆ ದೂರು ಕೊಡುವ ಮಗುವಿನ ಹೆಸರು ಊರಿನಲ್ಲಿ ಹರಿದಾಡುವುದು ಬೇಡ.

ದಡದಲ್ಲಿ ಶಾಲೆಯೇ ಮಾಡಬಹುದಾದ ಕೆಲಸಗಳೂ ಇವೆ, ಆದರೆ ಅವು ಪುಸ್ತಕ ತೋರಿಸಿದ ಕಡೆಯೇ ಆಗಬೇಕು. ಸೋಪಿನ ನೊರೆ ಹೆಚ್ಚಿರುವ ಜಾಗ ಗೊತ್ತಾದರೆ, ಒಗೆಯುವ ಕಲ್ಲುಗಳನ್ನು ದಡದ ಮೇಲಕ್ಕೆ ಸರಿಸಿ ನೀರು ಮಣ್ಣಿನಲ್ಲಿ ಇಂಗುವಂತೆ ಮಾಡಲು ಪಂಚಾಯಿತಿಯನ್ನೂ ಒಗೆಯುವವರನ್ನೂ ಕೂರಿಸಿ ಮಾತಾಡಬಹುದು. ಅಡಿಕೆ ಸಿಪ್ಪೆಯನ್ನು ಹಳ್ಳಕ್ಕೆ ತಳ್ಳದೆ ಗೊಬ್ಬರ ಮಾಡುವ ಬಗೆಯನ್ನು ಕೃಷಿ ಇಲಾಖೆಯವರಿಂದ ತೋಟದಲ್ಲೇ ಹೇಳಿಸಬಹುದು. ಗಣೇಶನ ಹಬ್ಬಕ್ಕೆ ಬಣ್ಣವಿಲ್ಲದ ಮಣ್ಣಿನ ಮೂರ್ತಿ, ಹೊಳೆಯ ಬದಲು ತೊಟ್ಟಿಯಲ್ಲಿ ವಿಸರ್ಜನೆ ಎಂಬುದು ಈಗ ಹೊಸ ಮಾತೇನಲ್ಲ. ಗಿಡ ನೆಡುವುದಾದರೆ ಜೂನಿನಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆ, ಹೊಳೆದಾಸವಾಳಗಳನ್ನು ನೆಡಬೇಕು, ಅಕೇಶಿಯವನ್ನಲ್ಲ. ನಿಜ ಹೇಳಬೇಕೆಂದರೆ, ದಡದಲ್ಲಿ ತಾನಾಗಿ ಬೆಳೆದ ವಾಟೆ, ಮುಂಡುಗದ ಹಿಂಡಲನ್ನು ಕಡಿದು ‘ಸ್ವಚ್ಛ’ಗೊಳಿಸದೆ ಬಿಡುವುದು ನೂರು ಸಸಿ ನೆಡುವುದಕ್ಕಿಂತ ಹೆಚ್ಚಿನ ಉಪಕಾರ. ಮಣ್ಣು ಹಿಡಿದಿರುವುದು ಆ ಬೇರುಗಳೇ.

ತಂಡವನ್ನು ಒಂಬತ್ತನೇ ತರಗತಿಯವರ ಸುತ್ತ ಕಟ್ಟಬೇಕು. ಹತ್ತನೆಯವರು ದೀಪಾವಳಿ ಕಳೆದ ಮೇಲೆ ಪರೀಕ್ಷೆಯ ಗಡಿಬಿಡಿಗೆ ಬೀಳುತ್ತಾರೆ, ಎಂಟನೆಯವರಿಗೆ ಬ್ಯೂರೆಟ್ ಹೊಸದು. ಪ್ರತಿ ಜೂನಿನಲ್ಲಿ ಹಳೆಯ ತಂಡ ಹೊಸ ತಂಡದೊಡನೆ ಒಂದೇ ಜಾಗದ ಒಂದೇ ನೀರನ್ನು ಬೇರೆಬೇರೆಯಾಗಿ ಅಳೆದು, ಎರಡು ಅಂಕಿಗಳನ್ನೂ ಪುಸ್ತಕದ ಒಂದೇ ಪುಟದಲ್ಲಿ ಬರೆದು ಸಹಿ ಹಾಕಬೇಕು. ಅಂದೇ ಬಫರ್ ಮತ್ತು ಥಯೋಸಲ್ಫೇಟ್ ಬಾಟಲಿಗಳ ಮೇಲಿನ ದಿನಾಂಕ ನೋಡಿ, ಹಳತಾದದ್ದನ್ನು ತೆಗೆದು, ಹೊಸದಕ್ಕೆ ಮುಖ್ಯೋಪಾಧ್ಯಾಯರಿಗೆ ಬೇಡಿಕೆಪಟ್ಟಿ ಕೊಡಬೇಕು.